ರಾತ್ರಿ ಮೀಟರ್ ಓದಿದ ಮೇಲೆ

ನಾನು ಪದವಿ ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳಿಕೊಡುತ್ತೇನೆ. ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ತಂಡ ಬರುವ ಮುಂಚೆ ಗ್ರೀನ್ ಆಡಿಟ್ ಫೈಲು, ಅಂದರೆ ಕ್ಯಾಂಪಸ್ಸಿನ ಪರಿಸರದ ಲೆಕ್ಕ, ನನ್ನ ಕೈಗೆ ಬಂತು. ತೆರೆದು ನೋಡಿದರೆ ಸಸಿ ನೆಟ್ಟ ಫೋಟೋಗಳೇ ಜಾಸ್ತಿ. ಅವುಗಳಲ್ಲಿ ಎಷ್ಟು ಬದುಕಿವೆ, ನಾವು ಎಷ್ಟು ಕರೆಂಟು ಖರ್ಚು ಮಾಡುತ್ತೇವೆ ಎಂಬ ಲೆಕ್ಕ ಎಲ್ಲೂ ಇರಲಿಲ್ಲ.

ಇಡೀ ಕ್ಯಾಂಪಸ್ಸಿಗೆ ಒಂದೇ ಮೀಟರು, ತಿಂಗಳಿಗೊಂದು ಬಿಲ್ಲು. ಲ್ಯಾಬಿನದೆಷ್ಟು, ಹಾಸ್ಟೆಲಿನದೆಷ್ಟು ಅಂತ ಹೇಗೆ ತಿಳಿಯಬೇಕು? ಸಬ್ ಮೀಟರಿಗೆ ದುಡ್ಡು ಮಂಜೂರಾಗುವ ತನಕ ಕಾಯಲಿಲ್ಲ. ವಾಚ್‌ಮನ್‌ಗೆ ಒಂದು ನೋಟ್‌ಬುಕ್ ಕೊಟ್ಟು, ರಾತ್ರಿ 10ಕ್ಕೂ ಬೆಳಿಗ್ಗೆ 6ಕ್ಕೂ ರೀಡಿಂಗ್ ಬರೆದಿಡಿ ಎಂದೆ. ಎಲ್ಲರೂ ಮಲಗಿರುವ ಹೊತ್ತಿನ ಬಳಕೆ ನೋಡಿ ನಂಬಲಾಗಲಿಲ್ಲ. ನಾಲ್ಕನೇ ರಾತ್ರಿ ಅವರೇ ಫೋನ್ ಮಾಡಿದರು. "ಸಾರ್, ಹಿಂದಿನ ಬ್ಲಾಕ್ ಟ್ಯಾಂಕು ತುಂಬಿ ಹರೀತಾ ಇದೆ." ಟ್ಯಾಂಕು ತುಂಬಿದಾಗ ಮೋಟಾರು ನಿಲ್ಲಿಸುವ ಫ್ಲೋಟ್ ಸ್ವಿಚ್ ಕೆಟ್ಟು ಬೋರ್‌ವೆಲ್ ಮೋಟಾರು ಬೆಳಗಿನ ತನಕ ಓಡುತ್ತಿತ್ತು. ನೀರೆಲ್ಲ ಚರಂಡಿಗೆ. ಬೇಸಿಗೆಯಲ್ಲಿ ಟ್ಯಾಂಕರ್ ತರಿಸುವ ಕ್ಯಾಂಪಸ್ಸು ನಮ್ಮದು. ಅವತ್ತು ನನಗೆ ನಿಜಕ್ಕೂ ಹೊಟ್ಟೆ ಉರಿಯಿತು.

ಪಾಠದ ಕಡೆಗೂ ಇದನ್ನೇ ತಂದೆ. ಪದವಿಯಲ್ಲಿ ಪರಿಸರ ಅಧ್ಯಯನ ಕಡ್ಡಾಯವಾಗಿರುವುದು 1991ರ ಸುಪ್ರೀಂ ಕೋರ್ಟ್ ಆದೇಶದ ಫಲ. ಆದರೆ ಓಜೋನ್ ಪದರದ ಮೇಲೆ ಟಿಪ್ಪಣಿ ಬರೆದು ಅಂಕ ತೆಗೆದುಕೊಂಡರೆ ಮುಗಿಯಿತು, ಅಲ್ವಾ? ನಾನು ಅಸೈನ್‌ಮೆಂಟ್ ಬದಲಾಯಿಸಿದೆ. ಸೋರುವ ನಲ್ಲಿಯ ಕೆಳಗೆ ಲೀಟರ್ ಬಾಟಲಿ ಇಟ್ಟು ಗಡಿಯಾರ ನೋಡಿ ಎಂದೆ. ಒಂದು ನಲ್ಲಿಗೆ ಬಾಟಲಿ ತುಂಬಲು 2 ಗಂಟೆ ಹಿಡಿಯಿತು. ಅಂದರೆ ದಿನಕ್ಕೆ 12 ಲೀಟರ್, ವರ್ಷಕ್ಕೆ 4,380. ಲೆಕ್ಕ ಹಾಕಿದ ಹುಡುಗಿ ಅವತ್ತೇ ಪ್ಲಂಬರ್‌ನನ್ನು ಹುಡುಕಿಕೊಂಡು ಹೋದಳು.

ಇನ್ನೊಂದು ಗುಂಪು ಹಾಸ್ಟೆಲ್ ಮೆಸ್ಸಿನಲ್ಲಿ ತಟ್ಟೆಯಲ್ಲಿ ಉಳಿದ ಊಟವನ್ನು ಒಂದು ವಾರ ತೂಕ ಮಾಡಿತು. ಅನ್ನವೇ ಜಾಸ್ತಿ. "ಆಹಾರ ಪೋಲು ಮಾಡಬೇಡಿ" ಎಂಬ ಬೋರ್ಡು ಅಲ್ಲಿ ಮೊದಲಿಂದಲೂ ಇತ್ತು. ಹುಡುಗರು ಅಡುಗೆಯವರ ಜೊತೆ ಕೂತು ಮಾತಾಡಿದರು. ಮೊದಲು ಅರ್ಧ ಸೌಟು, ಬೇಕೆಂದವರಿಗೆ ಮತ್ತೆ ಎಂದು ಮಾಡಿದರು. ಬಕೆಟ್ ಹಗುರವಾಯಿತು.

ಫ್ಯಾನಿನ ವಿಷಯ ಸುಲಭ. ಹಳೆಯದು 75 ವ್ಯಾಟ್ ತಿಂದರೆ ಬಿಎಲ್‌ಡಿಸಿ ಎಂಬ ಹೊಸ ಬಗೆಯ ಮೋಟಾರಿನ ಫ್ಯಾನಿಗೆ 30ರ ಆಸುಪಾಸು ಸಾಕು. ಸುಟ್ಟುಹೋದದ್ದರ ಜಾಗಕ್ಕೆ ಇದನ್ನೇ ಹಾಕುತ್ತಿದ್ದೇವೆ.

ಲೆಕ್ಕ ಇಡುವವರಿಗೆ ಒಂದು ಮಾತು. ಮೇ ತಿಂಗಳಿಗೆ ಕಳೆದ ವರ್ಷದ ಮೇ ತಿಂಗಳನ್ನೇ ಹೋಲಿಸಿ, ರಜೆಯಲ್ಲಿ ಬಿಲ್ಲು ಸುಮ್ನೆ ಇಳಿದಿರುತ್ತದೆ. ಒಟ್ಟು ಯೂನಿಟ್ಟನ್ನು ತಲೆಗೆ ಹಂಚಿ ನೋಡಿ. ಇಲ್ಲದಿದ್ದರೆ ಹಾಸ್ಟೆಲಿಗೆ ಮಕ್ಕಳು ಹೆಚ್ಚು ಸೇರಿದ ವರ್ಷ ನಿಮ್ಮ ಕೆಲಸವೆಲ್ಲ ಸೋತಂತೆ ಕಾಣುತ್ತದೆ.

ಕಂಪ್ಯೂಟರ್ ಲ್ಯಾಬಿನ ಎಸಿ ಇನ್ನೂ ಬಾಕಿ ಇದೆ. ಅದಕ್ಕೆ ಬೇರೆ ಮೀಟರು ಕೂರಿಸಲು ಈ ವಾರ ಎಲೆಕ್ಟ್ರಿಷಿಯನ್ ಬರುತ್ತಾರೆ.