ದಂಡ ಕಟ್ಟಿದ ಮೇಲೂ ಉಳಿಯುವ ಕೇಸು: ದಾಖಲೆ ತೆರವು ಮಾಡಿಸಿಕೊಳ್ಳುವುದು ಹೇಗೆ?

ಯುಗಾದಿ ಬಂದರೆ ಮಂಡ್ಯ ಕಡೆಯ ಹಳ್ಳಿಗಳಲ್ಲಿ ಇಸ್ಪೀಟ್ ಎಲೆ ಹೊರಗೆ ಬರುತ್ತದೆ, ಹಿಂದೆಯೇ ಪೊಲೀಸ್ ಜೀಪೂ ಬರುತ್ತದೆ. ಕರ್ನಾಟಕ ಪೊಲೀಸ್ ಕಾಯ್ದೆಯ 87ನೇ ಕಲಂ ಹಾಕಿ ಕೋರ್ಟಿಗೆ ಕರೆದೊಯ್ದಾಗ ಜೊತೆಗಿದ್ದವರು ಹೇಳುವ ಮಾತು ಒಂದೇ: 'ಒಪ್ಪಿಕೊಂಡು ಫೈನ್ ಕಟ್ಟಿಬಿಡು, ಇವತ್ತೇ ಮುಗಿದುಹೋಗುತ್ತೆ.' ಅಲೆದಾಟವೇನೋ ಮುಗಿಯುತ್ತದೆ. ಆದರೆ ತಪ್ಪೊಪ್ಪಿಕೊಂಡು ಕಟ್ಟಿದ ದಂಡವೂ ಕಾನೂನಿನ ಲೆಕ್ಕದಲ್ಲಿ ಶಿಕ್ಷೆಯೇ. ವಯಸ್ಕರಿಗೆ ಒಮ್ಮೆ ಆದ ಶಿಕ್ಷೆಯ ದಾಖಲೆಯನ್ನು ಇಂತಿಷ್ಟು ವರ್ಷದ ನಂತರ ಅಳಿಸಿಹಾಕುವ ಕಾಯ್ದೆ ನಮ್ಮ ದೇಶದಲ್ಲಿ ಇಲ್ಲ. ಹಾಗಾಗಿ ತೆರವು ಮಾಡಿಸುವ ಕೆಲಸದಲ್ಲಿ ಮುಕ್ಕಾಲು ಪಾಲು ತೀರ್ಪು ಬರುವ ಮೊದಲೇ ಆಗಬೇಕು.

ಮೊದಲು ಕೇಸು ಎಲ್ಲಿ ನಿಂತಿದೆ ಎಂದು ಪತ್ತೆ ಮಾಡಿ

ಠಾಣೆಯ ಕ್ರೈಂ ನಂಬರ್ (ಅಂದರೆ ಎಫ್‌ಐಆರ್ ನಂಬರ್) ಬೇರೆ, ಕೋರ್ಟಿನ ಸಿಸಿ ನಂಬರ್ ಬೇರೆ. ಎರಡೂ ಬೇಕು. ಇ-ಕೋರ್ಟ್ಸ್ ಆ್ಯಪ್‌ನಲ್ಲಿ ಜಿಲ್ಲೆ, ಠಾಣೆ, ಎಫ್‌ಐಆರ್ ನಂಬರ್ ಮತ್ತು ವರ್ಷ ಕೊಟ್ಟು ಹುಡುಕಿದರೆ 16 ಅಂಕಿ-ಅಕ್ಷರಗಳ ಸಿಎನ್‌ಆರ್ ನಂಬರ್ ಸಿಗುತ್ತದೆ. ಹೆಸರಿನಿಂದ ಹುಡುಕಿದರೆ ಎಷ್ಟೋ ಸಲ ಸಿಗುವುದಿಲ್ಲ. ಎಫ್‌ಐಆರ್‌ನಲ್ಲಿ 'ಮಂಜ ಬಿನ್ ಬೋರೇಗೌಡ' ಎಂದಿದ್ದು, ಆಧಾರ್‌ನಲ್ಲಿ 'ಮಂಜುನಾಥ್ ಬಿ' ಎಂದಿದ್ದರೆ ಕಂಪ್ಯೂಟರ್‌ಗೆ ಇಬ್ಬರೂ ಬೇರೆ ಬೇರೆ. ಈ ವ್ಯತ್ಯಾಸ ಕಂಡರೆ, ಇಬ್ಬರೂ ಒಬ್ಬರೇ ಎಂಬ ಅಫಿಡವಿಟ್ ಈಗಲೇ ಮಾಡಿಸಿಟ್ಟುಕೊಳ್ಳಿ.

ನಂತರ ಕೇಸು ನಡೆದ ಕೋರ್ಟಿನಲ್ಲೇ ನಕಲು ಅರ್ಜಿ ಹಾಕಿ. ಮೈಸೂರು ನಗರದವರು ಕೃಷ್ಣರಾಜ ಬುಲೆವಾರ್ಡ್‌ನ ಕೋರ್ಟಿಗೆ ಹೋಗಿ ವಿಚಾರಿಸುವುದು ರೂಢಿ. ಆದರೆ ನಂಜನಗೂಡು, ಮದ್ದೂರು, ಶ್ರೀರಂಗಪಟ್ಟಣದಲ್ಲಿ ನಡೆದ ಕೇಸಿನ ಕಡತ ಆಯಾ ಊರಿನ ಕೋರ್ಟಿನಲ್ಲೇ ಇರುತ್ತದೆ. ಎಫ್‌ಐಆರ್, ಚಾರ್ಜ್‌ಶೀಟ್, ಪೂರ್ತಿ ಆರ್ಡರ್ ಶೀಟ್, ತೀರ್ಪು, ಈ ನಾಲ್ಕರ ದೃಢೀಕೃತ ನಕಲು ಕೇಳಿ. ಆರ್ಡರ್ ಶೀಟಿನ ಕೊನೆಯ ಪುಟ ಓದಿದರೆ ಮುಂದಿನ ದಾರಿ ಗೊತ್ತಾಗುತ್ತದೆ.

ಅಲ್ಲಿ 'ಎಲ್‌ಪಿಸಿ' ಎಂದಿದ್ದರೆ ಕೇಸು ಇನ್ನೂ ಜೀವಂತ. ಊರು ಬಿಟ್ಟು ಬೆಂಗಳೂರು ಸೇರಿದವರಿಗೆ ಸಮನ್ಸ್ ಹಳೇ ಮನೆಗೆ ಹೋಗಿ, ವಾಯಿದೆ ತಪ್ಪಿ, ವಾರಂಟ್ ಆಗಿ, ಕೊನೆಗೆ ಕಡತ ದೀರ್ಘಕಾಲ ಬಾಕಿ ಇರುವ ಕೇಸುಗಳ ರಿಜಿಸ್ಟರಿಗೆ ಸೇರಿಬಿಡುತ್ತದೆ. ಪೊಲೀಸರು ಹುಡುಕಿ ಬರುವವರೆಗೆ ಕಾಯಬೇಡಿ. ವಕೀಲರ ಜೊತೆ ನೀವೇ ಹಾಜರಾಗಿ ವಾರಂಟ್ ಹಿಂಪಡೆಯುವಂತೆ ಕೇಳುವ ರೀಕಾಲ್ ಅರ್ಜಿ ಹಾಕಿ.

ಕೇಸು ಬಾಕಿ ಇದ್ದರೆ

ಸಣ್ಣ ಹೊಡೆದಾಟ, ಬೈಗುಳ, ದಾರಿಗೆ ಅಡ್ಡ ನಿಂತದ್ದು, ಇಂಥವು ರಾಜಿಯಾಗಬಲ್ಲ ಕೇಸುಗಳು. ಹಳೇ ಸಿಆರ್‌ಪಿಸಿಯ 320, ಈಗಿನ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 359ನೇ ಕಲಮಿನಲ್ಲಿ ಪಟ್ಟಿ ಇದೆ. ಪಿರ್ಯಾದುದಾರರು ಕೋರ್ಟಿಗೆ ಬಂದು ಒಪ್ಪಿದರೆ ಅದು ಖುಲಾಸೆಗೆ ಸಮ. ಊರಿನ ಪಂಚಾಯ್ತಿಯಲ್ಲಿ ಬರೆಸಿದ ರಾಜಿ ಪತ್ರ ಮಾತ್ರ ಸಾಲದು. ಅದನ್ನು ಕೋರ್ಟಿಗೆ ತರದಿದ್ದರೆ ಕೇಸು ಹಾಗೇ ಉಳಿಯುತ್ತದೆ. ಲೋಕ ಅದಾಲತ್ತಿನಲ್ಲಿ ಇಂಥ ಕೇಸುಗಳನ್ನು ಬೇಗ ತೆಗೆದುಕೊಳ್ಳುತ್ತಾರೆ.

ಪಟ್ಟಿಯಲ್ಲಿ ಇಲ್ಲದ ಕಲಂ ಇದ್ದರೆ, ಉದಾಹರಣೆಗೆ ಗಂಡ-ಹೆಂಡಿರ ಜಗಳದಲ್ಲಿ ಹಾಕುತ್ತಿದ್ದ ಹಳೇ ಐಪಿಸಿಯ 498ಎ (ಈಗಿನ ಭಾರತೀಯ ನ್ಯಾಯ ಸಂಹಿತೆಯ 85), ಮ್ಯಾಜಿಸ್ಟ್ರೇಟ್ ರಾಜಿ ಮಾಡಿಸಲಾರರು. ಹೈಕೋರ್ಟಿನಲ್ಲಿ ರದ್ದತಿ ಅರ್ಜಿಯೇ ಬೇಕು (ಹಳೇ 482, ಈಗಿನ 528). ಕೊಲೆ, ಅತ್ಯಾಚಾರದಂಥವನ್ನು ಬಿಟ್ಟು, ಖಾಸಗಿ ಸ್ವರೂಪದ ಕೇಸುಗಳನ್ನು ರಾಜಿಯ ಆಧಾರದ ಮೇಲೆ ಹೈಕೋರ್ಟ್ ರದ್ದು ಮಾಡಬಹುದೆಂದು ಸುಪ್ರೀಂ ಕೋರ್ಟ್ 2012ರ ಗಿಯಾನ್ ಸಿಂಗ್ ತೀರ್ಪಿನಲ್ಲಿ ಹೇಳಿದೆ. ಮೈಸೂರು, ಮಂಡ್ಯದವರ ಅರ್ಜಿ ಹೋಗುವುದು ಬೆಂಗಳೂರು ಪೀಠಕ್ಕೆ.

ರಾಜಿ ಇಲ್ಲದೆಯೂ ರದ್ದಾಗುವ ಕೇಸುಗಳಿವೆ, ಹೆಚ್ಚಿನವರು ಇದನ್ನು ನೋಡುವುದೇ ಇಲ್ಲ. ಅಸಂಜ್ಞೇಯ ಅಪರಾಧವಾದರೆ (ವಾರಂಟ್ ಇಲ್ಲದೆ ಪೊಲೀಸರು ಬಂಧಿಸಲಾಗದಂಥದ್ದು) ತನಿಖೆಗೆ ಮೊದಲು ಪೊಲೀಸರು ಮ್ಯಾಜಿಸ್ಟ್ರೇಟರ ಅನುಮತಿ ಪಡೆದಿರಬೇಕು. ಠಾಣೆಯವರ ಮನವಿಯ ಅಂಚಿನಲ್ಲಿ ಬರೀ 'ಪರ್ಮಿಟೆಡ್' ಎಂದು ಬರೆದು ಸಹಿ ಹಾಕಿದ್ದರೆ ಅದು ಅನುಮತಿಯಲ್ಲ, ಕಾರಣ ಬರೆದ ಆದೇಶ ಇರಬೇಕು ಎಂದು ನಮ್ಮ ಹೈಕೋರ್ಟ್ ಹೇಳಿದೆ. ಕಡತದಲ್ಲಿ ಆ ಹಾಳೆಯನ್ನು ಹುಡುಕಿ ನಕಲು ತೆಗೆಯಿರಿ. ಕಾಲಮಿತಿಯನ್ನೂ ಲೆಕ್ಕ ಹಾಕಿ: ದಂಡ ಮಾತ್ರ ಇರುವ ಅಪರಾಧಕ್ಕೆ 6 ತಿಂಗಳು, ಒಂದು ವರ್ಷದವರೆಗಿನ ಜೈಲಿಗೆ 1 ವರ್ಷ, ಅದಕ್ಕೂ ಮೇಲೆ ಮೂರು ವರ್ಷದವರೆಗಿನ ಜೈಲಿಗೆ 3 ವರ್ಷ. ಹಳೇ ಸಿಆರ್‌ಪಿಸಿಯಡಿಯ ಕೇಸಿನಲ್ಲಿ ಅದು ಮೀರಿದ ಮೇಲೆ ಚಾರ್ಜ್‌ಶೀಟ್ ಬಂದಿದ್ದರೆ ಆಕ್ಷೇಪಕ್ಕೆ ಆಧಾರವಿದೆ; ಈಗಿನ ಸಂಹಿತೆಯಲ್ಲಿ ಮಾತ್ರ ಕೋರ್ಟಿಗೆ ದೂರು ಕೊಟ್ಟ ದಿನ ಇಲ್ಲವೇ ಎಫ್‌ಐಆರ್ ದಾಖಲಾದ ದಿನವೇ ಲೆಕ್ಕಕ್ಕೆ ಬರುತ್ತದೆ.

ಕಾವೇರಿ ಚಳವಳಿಯಲ್ಲಿ ಹೆದ್ದಾರಿ ತಡೆದು ಕೇಸು ಹಾಕಿಸಿಕೊಂಡವರಿಗೆ ಒಂದು ಮಾತು. 'ಸರ್ಕಾರ ಕೇಸು ವಾಪಸ್ ಪಡೆದಿದೆ' ಎಂಬ ಸುದ್ದಿ ನಂಬಿ ಕೂರಬೇಡಿ. ಸರ್ಕಾರದ ಆದೇಶ ಬಂದ ಮೇಲೆ ಸರ್ಕಾರಿ ಅಭಿಯೋಜಕರು ಕೋರ್ಟಿಗೆ ಅರ್ಜಿ ಹಾಕಬೇಕು, ನ್ಯಾಯಾಧೀಶರು ಒಪ್ಪಬೇಕು. ಕೋರ್ಟಿನ ಆದೇಶ ಇಲ್ಲದಿದ್ದರೆ ನಿಮ್ಮ ಕೇಸು ಬಾಕಿಯೇ.

ಶಿಕ್ಷೆ ಆಗಿಹೋಗಿದ್ದರೆ

ಸೆಷನ್ಸ್ ಕೋರ್ಟಿಗೆ ಮೇಲ್ಮನವಿಗೆ 30 ದಿನ. ಆದರೆ ತಪ್ಪೊಪ್ಪಿಕೊಂಡವರಿಗೆ ಶಿಕ್ಷೆಯ ಪ್ರಮಾಣ ಮತ್ತು ಕಾನೂನುಬದ್ಧತೆ ಬಿಟ್ಟು ಬೇರೆ ವಿಷಯಕ್ಕೆ ಮೇಲ್ಮನವಿ ಇಲ್ಲ. ಸಣ್ಣ ದಂಡಕ್ಕಂತೂ ಮೇಲ್ಮನವಿಯೇ ಇಲ್ಲ. ಆಗ ಉಳಿಯುವುದು 90 ದಿನದೊಳಗಿನ ರಿವಿಷನ್, ಅಂದರೆ ಆದೇಶ ಸರಿಯಿದೆಯೇ ಎಂದು ಮೇಲಿನ ಕೋರ್ಟು ಪರಿಶೀಲಿಸುವಂತೆ ಕೇಳುವ ಅರ್ಜಿ. ಆರೋಪವನ್ನು ಓದಿ ವಿವರಿಸದೆ ಒಪ್ಪಿಗೆ ಬರೆದುಕೊಂಡಿದ್ದರೆ ಅಲ್ಲಿ ಹೇಳಲು ಆಸ್ಪದವಿದೆ. ತಡವಾಗಿದ್ದರೆ ವಿಳಂಬ ಮನ್ನಿಸುವ ಅರ್ಜಿ ಜೊತೆಗಿರಲಿ, ಪ್ರತಿ ದಿನದ ತಡಕ್ಕೂ ಕಾರಣ ಕೊಡಿ.

ಒಪ್ಪಿಕೊಳ್ಳಲೇಬೇಕಾದ ಸಂದರ್ಭವಿದ್ದರೆ, ಒಪ್ಪುವ ದಿನವೇ 1958ರ ಅಪರಾಧಿಗಳ ಪರಿವೀಕ್ಷಣಾ ಕಾಯ್ದೆಯಡಿ ಮೆಮೊ ಹಾಕಿಸಿ. ಮೊದಲ ಸಲ, ಎರಡು ವರ್ಷದೊಳಗಿನ ಶಿಕ್ಷೆಯ ಅಪರಾಧವಾದರೆ 3ನೇ ಕಲಮಿನಡಿ ಎಚ್ಚರಿಕೆ ಕೊಟ್ಟು ಬಿಡಬಹುದು. 4ನೇ ಕಲಮಿನಡಿ ಮೂರು ವರ್ಷ ಮೀರದ ಸನ್ನಡತೆಯ ಬಾಂಡ್ ಬರೆಸಿಕೊಂಡು ಬಿಡಬಹುದು. ಹಾಗೆ ಬಿಡುಗಡೆಯಾದರೆ 12ನೇ ಕಲಂ ಶಿಕ್ಷೆಯಿಂದ ಬರುವ ಅನರ್ಹತೆಯನ್ನು ತೆಗೆಯುತ್ತದೆ. ಬರೀ ದಂಡ ಕಟ್ಟಿ ಬಂದವರಿಗೆ ಈ ರಕ್ಷಣೆ ಇಲ್ಲ, ಅದಕ್ಕೇ ಇದನ್ನು ಒತ್ತಿ ಹೇಳುತ್ತಿರುವುದು. ಆದರೂ ಅಪರಾಧಿ ಎಂಬ ತೀರ್ಮಾನ ಅಳಿಯುವುದಿಲ್ಲ. ಈಗಾಗಲೇ ಸರ್ಕಾರಿ ಕೆಲಸದಲ್ಲಿರುವವರ ಮೇಲೆ ಇಲಾಖೆ ಕ್ರಮ ಕೈಗೊಳ್ಳುವುದನ್ನು ಇದು ತಡೆಯದು.

ಘಟನೆಯ ದಿನ 18 ತುಂಬಿರದಿದ್ದರೆ ಮಾತೇ ಬೇರೆ. 2015ರ ಬಾಲನ್ಯಾಯ ಕಾಯ್ದೆಯ 24ನೇ ಕಲಮಿನಂತೆ ಅನರ್ಹತೆ ಇಲ್ಲ, ಮೇಲ್ಮನವಿಯ ಅವಧಿ ಕಳೆದ ಮೇಲೆ ದಾಖಲೆ ನಾಶವಾಗಬೇಕು. ಘೋರ ಅಪರಾಧಕ್ಕೆ ವಯಸ್ಕರಂತೆ ವಿಚಾರಣೆಗೆ ಒಳಗಾದ 16 ದಾಟಿದವರಿಗೆ ಮಾತ್ರ ಇದು ಅನ್ವಯಿಸದು.

ಖುಲಾಸೆಯಾದ ಮೇಲಿನ ಕೆಲಸ

ಕೋರ್ಟಿನ ಆದೇಶ ತಾನಾಗಿಯೇ ಠಾಣೆಯ ಕಂಪ್ಯೂಟರಿಗೆ ಹೋಗುತ್ತದೆ ಎಂದುಕೊಳ್ಳಬೇಡಿ. ದೃಢೀಕೃತ ನಕಲಿನೊಂದಿಗೆ ಠಾಣಾಧಿಕಾರಿಗೆ ಅರ್ಜಿ ಕೊಟ್ಟು, ಪ್ರತಿಯೊಂದನ್ನು ಮಂಡ್ಯದಲ್ಲಾದರೆ ಎಸ್‌ಪಿ ಕಚೇರಿಗೆ, ಮೈಸೂರು ನಗರದಲ್ಲಾದರೆ ಪೊಲೀಸ್ ಕಮಿಷನರ್ ಕಚೇರಿಗೆ ಕೊಟ್ಟು, ಸ್ವೀಕೃತಿ ಸೀಲು ಹಾಕಿಸಿಕೊಳ್ಳಿ. 2022ರ ದಂಡ ಪ್ರಕ್ರಿಯೆ ಗುರುತಿಸುವಿಕೆ ಕಾಯ್ದೆಯಡಿ ಬೆರಳಚ್ಚು, ಫೋಟೊ ತೆಗೆದಿದ್ದರೆ ಅವು 75 ವರ್ಷ ಇರುತ್ತವೆ. ಹಿಂದೆ ಶಿಕ್ಷೆಯಾಗಿರದೆ ಈ ಕೇಸಿನಲ್ಲಿ ಖುಲಾಸೆಯಾಗಿದ್ದರೆ, ಕೋರ್ಟ್ ಬೇರೆ ರೀತಿ ಹೇಳದ ಹೊರತು, ಅವನ್ನು ನಾಶಪಡಿಸಬೇಕು. ಅದನ್ನೂ ಅರ್ಜಿಯಲ್ಲಿ ಪ್ರತ್ಯೇಕವಾಗಿ ಕೇಳಿ.

ನೌಕರಿ ಫಾರಂ ತುಂಬುವಾಗ ಪ್ರಶ್ನೆಯನ್ನು ಎರಡು ಸಲ ಓದಿ. 'ಶಿಕ್ಷೆಯಾಗಿದೆಯೇ' ಎಂದು ಕೇಳಿದರೆ ಖುಲಾಸೆಯಾದವರು ಇಲ್ಲ ಎನ್ನಬಹುದು. 'ಎಂದಾದರೂ ಬಂಧನವಾಗಿತ್ತೇ, ಕೇಸು ದಾಖಲಾಗಿತ್ತೇ' ಎಂದಿದ್ದರೆ ಹೌದು ಎಂದು ಬರೆದು ಆದೇಶದ ನಕಲು ಲಗತ್ತಿಸಿ. ಕೆಲಸ ಹೋಗುವುದು ಎಷ್ಟೋ ಸಲ ಕೇಸಿನಿಂದಲ್ಲ, ಮುಚ್ಚಿಟ್ಟದ್ದರಿಂದ. ಬಾಕಿ ಕೇಸಿದ್ದು ಪಾಸ್‌ಪೋರ್ಟ್ ಬೇಕಾದವರು ಕೇಸಿರುವ ಕೋರ್ಟಿನಿಂದಲೇ ಅನುಮತಿ ಪಡೆದು ಅರ್ಜಿ ಹಾಕಬಹುದು.

ವಕೀಲರ ಖರ್ಚು ಹೊರಲಾಗದವರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ ಅಥವಾ 15100ಕ್ಕೆ ಕರೆ ಮಾಡಿ. ಮಹಿಳೆಯರಿಗೆ, ಪರಿಶಿಷ್ಟ ಜಾತಿ-ಪಂಗಡದವರಿಗೆ ಆದಾಯ ನೋಡದೆ ಉಚಿತ ವಕೀಲರನ್ನು ಕೊಡುತ್ತಾರೆ. ಅಂತಿಮ ಆದೇಶದ ದೃಢೀಕೃತ ನಕಲು ಕನಿಷ್ಠ ಮೂರು ತೆಗೆಸಿಡಿ. ಹಳೇ ಕಡತಗಳನ್ನು ಕೋರ್ಟು ಕೆಲವು ವರ್ಷಗಳ ನಂತರ ವಿಲೇವಾರಿ ಮಾಡುತ್ತದೆ, ಆಮೇಲೆ ಕೇಳಿದರೆ ಸಿಗುವುದಿಲ್ಲ.