ಎಷ್ಟು ಗಂಟೆಗೆ ಕರೆದುಕೊಂಡು ಹೋದರು?

ನಾನು ಉತ್ತರ ಕರ್ನಾಟಕದ ಒಂದು ತಾಲ್ಲೂಕು ಕೋರ್ಟಿನಲ್ಲಿ ವಕೀಲ. ರಿಮ್ಯಾಂಡ್ ಕೆಲಸವನ್ನೂ ನೋಡುತ್ತೇನೆ. ಪೊಲೀಸರು ದಸ್ತಗಿರಿ ಮಾಡಿ ತಂದವರಿಗೆ ಸ್ವಂತ ವಕೀಲರಿಲ್ಲದಿದ್ದರೆ ಕಾನೂನು ಸೇವಾ ಸಮಿತಿಯ ಕಡೆಯಿಂದ ನಾನು ನಿಲ್ಲುತ್ತೇನೆ. ಅವರು ಫೀಸು ಕೊಡಬೇಕಿಲ್ಲ. ಕಸ್ಟಡಿಯಲ್ಲಿರುವವರಿಗೆ ಉಚಿತ ವಕೀಲರನ್ನು ಕೊಡಬೇಕು ಅಂತ 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯೇ ಹೇಳುತ್ತದೆ.

ಮೊದಲ ವರ್ಷಗಳಲ್ಲಿ ಮನೆಯವರು ಬಂದ ಕೂಡಲೇ ‘ಏನು ಕೇಸು?’ ಅಂತ ಕೇಳುತ್ತಿದ್ದೆ. ಈಗ ಮೊದಲು ಕೇಳುವುದು ‘ಎಷ್ಟು ಗಂಟೆಗೆ ಕರೆದುಕೊಂಡು ಹೋದರು?’ ಅಂತ. ಇದನ್ನು ನನಗೆ ಕಲಿಸಿದ್ದು ಒಂದು ಭಾನುವಾರ.

ಅವತ್ತು ಬೆಳಿಗ್ಗೆ ಒಬ್ಬ ತಾಯಿ ಮನೆ ಬಾಗಿಲಿಗೆ ಬಂದರು. ಮಗ ಗಾರೆ ಕೆಲಸದವನು. ಸೈಟಿನಲ್ಲಿ ಕಬ್ಬಿಣದ ಸಲಾಕೆ ಕಳುವಾಗಿದೆ ಅಂತ ಅವನನ್ನು ಸ್ಟೇಷನ್ನಿಗೆ ಕರೆದುಕೊಂಡು ಹೋಗಿದ್ದರು. ‘ಸುಮ್ನೆ ವಿಚಾರಣೆಗೆ, ಸಂಜೆ ಬಿಡ್ತೀವಿ’ ಅಂದಿದ್ದರಂತೆ. ರಾತ್ರಿ ಕಳೆದರೂ ಬಿಟ್ಟಿರಲಿಲ್ಲ.

‘ಯಾವಾಗ ಕರ್ಕೊಂಡು ಹೋದ್ರು, ಅವ್ವಾ?’

‘ನಿನ್ನೆ ಮಧ್ಯಾಹ್ನ ರೀ ಸಾಹೇಬ್ರ. ಬುತ್ತಿ ಬಿಚ್ಚಿದ್ದ, ಉಂಡಿರಲಿಲ್ಲ.’

ಮಧ್ಯಾಹ್ನ ಅಂದರೆ ಸಾಲದು. ಜೊತೆಗೆ ಕೆಲಸ ಮಾಡುತ್ತಿದ್ದ ಹುಡುಗನಿಗೆ ಫೋನ್ ಮಾಡಿದೆ. ಜೀಪು ಹೋದ ತಕ್ಷಣ ಅವನು ಮೇಸ್ತ್ರಿಗೆ ಫೋನ್ ಮಾಡಿ ತಿಳಿಸಿದ್ದ. ಆ ಕರೆಯ ಸಮಯ ಮೊಬೈಲಿನಲ್ಲೇ ಇತ್ತು. ಶನಿವಾರ ಮಧ್ಯಾಹ್ನ 2 ಗಂಟೆ 10 ನಿಮಿಷ. ಬರೆದುಕೊಂಡೆ.

ಈ ನಿಮಿಷಗಳಿಗೆ ಇಷ್ಟು ಬೆಲೆ ಬಂದದ್ದು ಸಂವಿಧಾನದ 22ನೇ ವಿಧಿಯಿಂದ. ಬಂಧಿಸಿದವರಿಗೆ ಕಾರಣ ತಿಳಿಸಬೇಕು. ತಮಗೆ ಬೇಕಾದ ವಕೀಲರೊಡನೆ ಮಾತಾಡಲು ಬಿಡಬೇಕು. 24 ಗಂಟೆಯೊಳಗೆ ಹತ್ತಿರದ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು. ಪ್ರಯಾಣದ ಸಮಯವನ್ನು ಮಾತ್ರ ಇದರಲ್ಲಿ ಕಳೆಯಬಹುದು. ಮುನ್ನೆಚ್ಚರಿಕೆ ಬಂಧನಕ್ಕೆ, ಅಂದರೆ ಮುಂದೆ ಅಪರಾಧ ಮಾಡಬಹುದು ಅಂತ ನಮ್ಮಲ್ಲಿ ಗೂಂಡಾ ಕಾಯ್ದೆಯಂಥವುಗಳ ಅಡಿ ಹಿಡಿದಾಗ, ಈ ರಕ್ಷಣೆಗಳು ಹೀಗೆಯೇ ಸಿಗುವುದಿಲ್ಲ. ಅಲ್ಲಿನ ನಿಯಮವೇ ಬೇರೆ. ಅದು ನನಗೆ ಇವತ್ತಿಗೂ ನೋವಿನ ವಿಷಯ.

ಅಸಲಿಗೆ 24 ಗಂಟೆಯ ನಿಯಮ ಬ್ರಿಟಿಷರ ಕಾಲದ ದಂಡ ಪ್ರಕ್ರಿಯಾ ಸಂಹಿತೆಯಲ್ಲೇ ಇತ್ತು. ಹಾಗಾದರೆ ಸಂವಿಧಾನಕ್ಕೆ ಯಾಕೆ ತಂದರು? ಸಾಮಾನ್ಯ ಕಾಯ್ದೆಯಲ್ಲಿರುವುದನ್ನು ಶಾಸನಸಭೆ ಯಾವತ್ತು ಬೇಕಾದರೂ ತೆಗೆದುಹಾಕಬಹುದು. ಮೂಲಭೂತ ಹಕ್ಕನ್ನು ಹಾಗೆ ತೆಗೆಯಲಾಗದು. 1949ರ ಸೆಪ್ಟೆಂಬರಿನಲ್ಲಿ ಅಂಬೇಡ್ಕರ್ ಅವರು ಸಂವಿಧಾನ ಸಭೆಯಲ್ಲಿ ಈ ವಿಧಿಯನ್ನು ಮಂಡಿಸಿದಾಗ ಇದನ್ನೇ ವಿವರಿಸಿದರು. ಜೀವ ಮತ್ತು ಸ್ವಾತಂತ್ರ್ಯದ ವಿಧಿ, ಈಗಿನ 21, ದುರ್ಬಲವಾಯಿತು ಅನ್ನುವ ಅಸಮಾಧಾನ ಆಗ ಸಭೆಯಲ್ಲಿತ್ತು. ಆ ಕೊರತೆಯನ್ನು ಸ್ವಲ್ಪ ತುಂಬಿಕೊಡಲು ಬಂದ ವಿಧಿ ಇದು. ಕೋರ್ಟಿನ ವರಾಂಡದಲ್ಲಿ ನಿಂತಾಗ ನನಗೆ ಈ ಮಾತು ಎಷ್ಟೋ ಸಲ ನೆನಪಾಗುತ್ತದೆ.

ಸಂಜೆ ಸ್ಟೇಷನ್ನಿಂದ ಫೋನ್ ಬಂತು. ಆರೋಪಿಯನ್ನು ಮ್ಯಾಜಿಸ್ಟ್ರೇಟರ ಮನೆಗೆ ಕರೆತರುತ್ತಾರೆ ಅಂತ. ರಜೆ ದಿನ ಹಾಜರುಪಡಿಸುವುದು ಅಲ್ಲೇ. ಹುಡುಗ ಬಂದದ್ದು ಸಂಜೆ 6.30ಕ್ಕೆ. ನಾನು ಮೊದಲು ಅರೆಸ್ಟ್ ಮೆಮೊ ಕೇಳಿ ನೋಡಿದೆ. ದಸ್ತಗಿರಿಯ ಸಮಯ ಅಂತ ಬರೆದದ್ದು ಭಾನುವಾರ ಬೆಳಿಗ್ಗೆ 7 ಗಂಟೆ.

ಮೆಮೊದಲ್ಲಿ ಮನೆಯವರ ಅಥವಾ ಆ ಜಾಗದ ಗೌರವಸ್ಥರೊಬ್ಬರ ಸಹಿ ಇರಬೇಕು. ಬಂಧಿತನೂ ಸಹಿ ಹಾಕಬೇಕು. ಡಿ.ಕೆ. ಬಸು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಈ ಮಾತು ಈಗ, ದಂಡ ಪ್ರಕ್ರಿಯಾ ಸಂಹಿತೆಯ ಜಾಗಕ್ಕೆ ಬಂದಿರುವ ನಾಗರಿಕ ಸುರಕ್ಷಾ ಸಂಹಿತೆಯ 36ನೇ ಕಲಮಿನಲ್ಲಿದೆ. ಇಲ್ಲಿ ಸಾಕ್ಷಿಯ ಜಾಗದಲ್ಲಿ ಯಾರದೋ ಸಹಿ ಇತ್ತು. ತಾಯಿಗೆ ಆ ಹೆಸರೇ ಗೊತ್ತಿರಲಿಲ್ಲ.

ಎರಡು ನಿಮಿಷ ಹುಡುಗನ ಜೊತೆ ಮಾತಾಡಲು ಅವಕಾಶ ಕೇಳಿದೆ. ಸಿಕ್ಕಿತು. ಅವನಿಗೆ ಹೇಳಿದ್ದು ಇಷ್ಟೇ: ‘ಸಾಹೇಬ್ರು ಕೇಳಿದ್ದಕ್ಕೆ ಇದ್ದದ್ದು ಇದ್ದಂಗ ಹೇಳು. ಹೆದರಬೇಡ.’ ಅವನು ಕದ್ದಿದ್ದಾನೋ ಇಲ್ಲವೋ ಅಂತ ನಾನು ಕೇಳಲಿಲ್ಲ. 22ನೇ ವಿಧಿಯೂ ಅದನ್ನು ಕೇಳುವುದಿಲ್ಲ, ಅಲ್ವಾ?

ನಾನು ಜಾಸ್ತಿ ವಾದ ಮಾಡಲಿಲ್ಲ. ‘ಯಾವಾಗ ಹಿಡಿದರು ಅಂತ ದಯವಿಟ್ಟು ಅವನನ್ನೇ ಕೇಳಬೇಕು’ ಅಂತ ವಿನಂತಿಸಿದೆ. ಮ್ಯಾಜಿಸ್ಟ್ರೇಟರು ಕೇಳಿದರು.

‘ನಿನ್ನೆ ಉಣ್ಣೂ ಹೊತ್ತಿನ್ಯಾಗ ಕರ್ಕೊಂಡು ಬಂದಾರ್ರೀ. ರಾತ್ರಿ ಅಲ್ಲೇ ಮಲಗಿದ್ದೆ.’

ಮೊಬೈಲಿನ ಸಮಯ ತೋರಿಸಿದೆ. 28 ಗಂಟೆ 20 ನಿಮಿಷ ಆಗಿತ್ತು. ಸ್ಟೇಷನ್ನಿಗೂ ಆ ಮನೆಗೂ ಜೀಪಿನಲ್ಲಿ ಹತ್ತು ನಿಮಿಷದ ದಾರಿ. ಸ್ಟೇಷನ್ನಿನ ಸಿಸಿ ಕ್ಯಾಮೆರಾ ದೃಶ್ಯ ಅಳಿಸದಂತೆ ಕಾಯ್ದಿಡಲು ಆದೇಶಿಸಬೇಕು ಅಂತ ಲಿಖಿತ ಅರ್ಜಿಯನ್ನೂ ಕೊಟ್ಟೆ. ಎಲ್ಲ ಠಾಣೆಗಳಲ್ಲೂ ಕ್ಯಾಮೆರಾ ಇರಬೇಕು ಅಂತ 2020ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ.

ಇನ್ನೊಂದು ಮಾತೂ ಇತ್ತು. ಮಾಮೂಲಿ ಕಳ್ಳತನಕ್ಕೆ ಮೊದಲ ಸಲ ಇರುವ ಶಿಕ್ಷೆ ಹೆಚ್ಚೆಂದರೆ ಮೂರು ವರ್ಷ. ಏಳು ವರ್ಷದವರೆಗಿನ ಶಿಕ್ಷೆಯ ಆರೋಪಗಳಲ್ಲಿ ಪೊಲೀಸರು ಸುಮ್ಮಸುಮ್ಮನೆ ಬಂಧಿಸುವಂತಿಲ್ಲ. ಬಂಧನ ಯಾಕೆ ಬೇಕು ಅಂತ ಕಾರಣ ಬರೆಯಬೇಕು. ಬಂಧನ ಬೇಡವಾದರೆ ನೋಟಿಸ್ ಕೊಟ್ಟು ಕರೆಸಬೇಕು. 2014ರ ಅರ್ನೇಶ್ ಕುಮಾರ್ ತೀರ್ಪು ಇದನ್ನು ಕಟ್ಟುನಿಟ್ಟು ಮಾಡಿದೆ. ಇಲ್ಲಿ ನೋಟಿಸೂ ಇಲ್ಲ, ಕಾರಣದ ಹಾಳೆಯೂ ಇಲ್ಲ.

ಮ್ಯಾಜಿಸ್ಟ್ರೇಟರು ಹುಡುಗನ ಹೇಳಿಕೆಯನ್ನು ಆದೇಶದ ಹಾಳೆಯಲ್ಲಿ ದಾಖಲಿಸಿದರು. ಜಾಮೀನು ಕೊಟ್ಟರು. ಆದರೆ ಒಬ್ಬ ಜಾಮೀನುದಾರ ಬೇಕಲ್ಲ! ಭಾನುವಾರ ಸಂಜೆ ಪಹಣಿ ಹಿಡಿದುಕೊಂಡು ಯಾರು ಬರುತ್ತಾರೆ? ಆಗ 1978ರ ಮೋತಿರಾಮ್ ಪ್ರಕರಣವನ್ನು ಹೇಳಿದೆ. ಅವನೂ ಗಾರೆ ಕೆಲಸದವನೇ. ಹತ್ತು ಸಾವಿರ ರೂಪಾಯಿಯ ಜಾಮೀನು ಹೊಂದಿಸಲಾಗದೆ ಜೈಲಿನಲ್ಲಿ ಉಳಿದವನು. ಬಡವರಿಗೆ ಇಂಥ ಷರತ್ತು ಹಾಕಿದರೆ ಜಾಮೀನಿಗೆ ಅರ್ಥವೇ ಉಳಿಯುವುದಿಲ್ಲ ಅನ್ನುವುದು ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅವರ ನಿಲುವಾಗಿತ್ತು. ಹುಡುಗನನ್ನು ಸ್ವಂತ ಮುಚ್ಚಳಿಕೆಯ ಮೇಲೆ ಬಿಟ್ಟರು. ಜಾಮೀನುದಾರನನ್ನು ತರಲು ಒಂದು ವಾರ ಕೊಟ್ಟರು.

ಎಲ್ಲ ಸಲವೂ ಹೀಗಾಗುವುದಿಲ್ಲ. ಸಮಯ ಹೇಳುವವರೇ ಸಿಗದೆ ಸೋತದ್ದೂ ಇದೆ. ಅದಕ್ಕೇ ಹಳ್ಳಿಗಳ ಕಾನೂನು ಅರಿವು ಶಿಬಿರಗಳಲ್ಲಿ ನಾನು ಕಲಮುಗಳ ಪಟ್ಟಿ ಓದುವುದನ್ನು ಬಿಟ್ಟಿದ್ದೇನೆ. ನಿಮ್ಮವರನ್ನು ಕರೆದುಕೊಂಡು ಹೋದರೆ ಗಡಿಯಾರ ನೋಡಿ ಅನ್ನುತ್ತೇನೆ. ಆ ಕ್ಷಣವೇ ಯಾರಿಗಾದರೂ ಫೋನ್ ಮಾಡಿ ಅಥವಾ ಮೆಸೇಜ್ ಹಾಕಿ, ಸಮಯ ತಾನಾಗಿ ದಾಖಲಾಗುತ್ತದೆ. ಓದದೆ ಸಹಿ ಹಾಕಬೇಡಿ. ಬಂಧನದ ಕಾರಣವನ್ನು ಬರಹದಲ್ಲಿ ಕೇಳಿ. ಬಂಧಿತನಿಗೆ ಅರ್ಥವಾಗುವ ಭಾಷೆಯಲ್ಲೇ ಅದನ್ನು ಬರೆದುಕೊಡಬೇಕು ಅಂತ 2025ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ವಕೀಲರಿಲ್ಲದಿದ್ದರೆ ಉಚಿತ ಕಾನೂನು ನೆರವಿನ ಸಹಾಯವಾಣಿ 15100ಕ್ಕೆ ಕರೆ ಮಾಡಿ. ವ್ಯಕ್ತಿ ಎಲ್ಲಿದ್ದಾನೆ ಅಂತಲೇ ತಿಳಿಯದಿದ್ದರೆ ತಡಮಾಡದೆ ಹೇಬಿಯಸ್ ಕಾರ್ಪಸ್ ಅರ್ಜಿ, ಅಂದರೆ ಆ ವ್ಯಕ್ತಿಯನ್ನು ಕೋರ್ಟಿನ ಮುಂದೆ ತರಿಸಿ ಅಂತ ಕೇಳುವ ಅರ್ಜಿ, ಹಾಕಬೇಕು. ನಮ್ಮ ಕಡೆಯವರಿಗೆ ಹೈಕೋರ್ಟಿನ ಧಾರವಾಡ ಪೀಠವಿದೆ.

ಆ ಹುಡುಗನ ಕೇಸು ಇನ್ನೂ ನಡೆಯುತ್ತಿದೆ. ಅವನ ಮೇಸ್ತ್ರಿಯೇ ಪಹಣಿ ತಂದು ಜಾಮೀನು ನಿಂತರು. ತಾರೀಖು ಇದ್ದ ದಿನ ಬೆಳಿಗ್ಗೆ ಹತ್ತೂವರೆಗೆ ಅವನು ಕೋರ್ಟಿನ ಹೊರಗೆ ನಿಂತಿರುತ್ತಾನೆ. ಹೆಸರು ಕರೆದ ಮೇಲೆ ಮುಂದಿನ ತಾರೀಖು ಬರೆದುಕೊಂಡು ಮಧ್ಯಾಹ್ನದ ಕೆಲಸಕ್ಕೆ ಹೋಗುತ್ತಾನೆ.