ಪೂರ್‌ಹೌಸ್ ಫಾರಂನ ಕೊನೇ ಪ್ರಶ್ನೆ – ನನ್ನ ಅನುಭವ

ಬಫಲೋ ಯೂನಿವರ್ಸಿಟಿ ಸೌತ್ ಕ್ಯಾಂಪಸ್‌ನಲ್ಲಿ ಗಡಿಯಾರದ ಗೋಪುರ ಇರೋ ಹೇಯ್ಸ್ ಹಾಲ್ ಮುಂದೆ ಎರಡು ವರ್ಷ ದಿನಾ ಓಡಾಡಿದೀನಿ, ಆದ್ರೆ ಅದೆಲ್ಲಾ ಒಂದು ಕಾಲದಲ್ಲಿ ಈರಿ ಕೌಂಟಿಯ ಪೂರ್‌ಹೌಸ್ ಇದ್ದ ಜಾಗ ಅಂತ ಗೊತ್ತೇ ಇರ್ಲಿಲ್ಲ. ಪೂರ್‌ಹೌಸ್ ಅಂದ್ರೆ ಗತಿಯಿಲ್ಲದೋರನ್ನ ಸರ್ಕಾರ ಇಟ್ಕೊಳ್ತಿದ್ದ ಮನೆ, ಕೌಂಟಿ ಅಂದ್ರೆ ನಮ್ಮ ಜಿಲ್ಲೆ ಥರ. 1824ರಲ್ಲಿ ನ್ಯೂಯಾರ್ಕ್ ರಾಜ್ಯ ಕಾನೂನು ಮಾಡಿದ್ಮೇಲೆ ಕೌಂಟಿ ಕೌಂಟಿಗೂ ಇಂಥ ಮನೆಗಳು ಎದ್ವು. ದಿಕ್ಕಿಲ್ಲದ ಮುದುಕರು, ಕಾಯಿಲೆಯವರು, ಗಂಡ ಬಿಟ್ಟುಹೋದ ಬಸುರಿಯರು, ಬುದ್ಧಿ ಸ್ಥಿಮಿತದಲ್ಲಿ ಇಲ್ಲದೋರು, ತಬ್ಬಲಿ ಮಕ್ಕಳು ಎಲ್ಲಾ ಒಂದೇ ಸೂರಿನಡಿ. ಕೈಲಾದೋರು ಅಲ್ಲೇ ಹೊಲದಲ್ಲಿ ಗೇಯ್ಬೇಕಿತ್ತು. 2012ರಲ್ಲಿ ಕ್ಯಾಂಪಸ್‌ನಲ್ಲಿ ಪೂರ್‌ಹೌಸ್‌ನ ಹಳೇ ಸ್ಮಶಾನ ಇದ್ದ ಕಡೆ ಅಗೆದಾಗ ಮುನ್ನೂರಕ್ಕೂ ಹೆಚ್ಚು ಜನರ ಮೂಳೆ ಸಿಕ್ಕಿತ್ತು ಅಂತ ಓದಿದ ದಿನ ರಾತ್ರಿ ನಿದ್ದೆ ಬರ್ಲಿಲ್ಲ, ಮಾರನೇ ದಿನಾನೇ ದಾಖಲೆ ಹುಡುಕೋಕೆ ಕೂತೆ.

ನ್ಯೂಯಾರ್ಕ್‌ನಲ್ಲಿ 1875ರಿಂದ ಪೂರ್‌ಹೌಸ್‌ಗೆ ಬಂದ ಒಬ್ಬೊಬ್ಬರಿಗೂ ಒಂದು ಫಾರಂ ತುಂಬಿಸ್ತಿದ್ರು, ಅವು ರಾಜಧಾನಿ ಆಲ್ಬನಿಯ ರಾಜ್ಯ ಆರ್ಕೈವ್ಸ್‌ನಲ್ಲಿ, ಅಂದ್ರೆ ಹಳೇ ದಾಖಲೆಗಳ ಭಂಡಾರದಲ್ಲಿವೆ, ಸ್ಕ್ಯಾನ್ ಮಾಡಿರೋದು ಆನ್‌ಲೈನ್‌ನಲ್ಲೂ ಸಿಗತ್ತೆ. ವಯಸ್ಸು, ಹುಟ್ಟಿದೂರು, ಕೆಲಸ ಕೇಳಿದ್ರೆ ಸರಿ, ಅಪ್ಪ ಕುಡೀತಿದ್ನಾ, ಅಮ್ಮನ ಅಭ್ಯಾಸ ಹೇಗಿತ್ತು, ಅಜ್ಜ ಅಜ್ಜಿನೂ ಹೀಗೇ ಸರ್ಕಾರದ ಅನ್ನ ತಿಂದೋರಾ ಅಂತ ಕೂಡ ಕೇಳ್ತಾರೆ. ಬಡತನ ರಕ್ತದಲ್ಲೇ ಇಳಿದು ಬರತ್ತೆ ಅನ್ನೋ ನಂಬಿಕೆ ಆಗ ಜೋರಾಗಿತ್ತು, ಫಾರಂ ತುಂಬಾ ಅದೇ ವಾಸನೆ. ಕೊನೇಗೆ ಬರೋ ಪ್ರಶ್ನೆ, ಈ ಮನುಷ್ಯ ಚೇತರಿಸ್ಕೊಳ್ತಾನಾ, ಮುಂದೆ ಇವನ ಗತಿ ಏನಾಗಬಹುದು. ಗುಮಾಸ್ತ ಒಂದು ಸಾಲಲ್ಲಿ ಹಣೆಬರಹ ಬರೆದು ಮುಗಿಸಿಬಿಡ್ತಾನೆ. ಮೊದಲನೇ ಸಲ ಅದನ್ನ ಓದಿದಾಗ ಲ್ಯಾಪ್‌ಟಾಪ್ ಮುಚ್ಚಿಟ್ಟು ಎದ್ದುಹೋದೆ.

ನಾನು ಎಲ್ಲಾನೂ ಎಕ್ಸೆಲ್‌ಗೆ ಹಾಕ್ತಾ ಬಂದೆ, ಶುರುವಿನಲ್ಲೇ ದೊಡ್ಡ ತಪ್ಪು ಮಾಡ್ದೆ, ಹೆಸರಿನ ಸ್ಪೆಲಿಂಗ್ ನಾನೇ ತಿದ್ದಿಬಿಡ್ತಿದ್ದೆ. ಐರಿಷ್ ಹೆಸರುಗಳನ್ನ ಗುಮಾಸ್ತರು ಕಿವಿಗೆ ಬಿದ್ದಂಗೆ ಬರ್ಕೊಂಡಿರ್ತಾರೆ, ಒಬ್ಬಳದ್ದೇ ಹೆಸರು ಮೂರು ಕಡೆ ಮೂರು ಥರ ಇರತ್ತೆ, ತಿದ್ದಿದ್ರೆ ಮುಂದೆ ಹುಡುಕೋಕೆ ದಾರೀನೇ ಇರಲ್ಲ. ನೂರಾರು ಸಾಲುಗಳನ್ನ ಮತ್ತೆ ಮೊದಲಿದ್ದಂಗೇ ಮಾಡಿದೀನಿ. ಈಗ ಎರಡು ಕಾಲಂ, ಬರೆದಿದ್ದು ಇದ್ದಂಗೇ ಒಂದು, ನಾನು ಅರ್ಥ ಮಾಡ್ಕೊಂಡಿದ್ದು ಇನ್ನೊಂದು.

ಆಮೇಲೆ ಜನಗಣತಿ ಜೊತೆ ತಾಳೆ ನೋಡ್ಬೇಕು. 1880ರ ಗಣತಿಯಲ್ಲಿ ಬಡವರು, ಕುರುಡರು, ಕಿವುಡರು ಅಂತ ಬೇರೆ ಪಟ್ಟಿಗಳೇ ಇವೆ. 1890ರದ್ದು ಬೆಂಕಿ ಬಿದ್ದು ಹೆಚ್ಚುಕಮ್ಮಿ ಪೂರ್ತಿ ಹೋಯ್ತು, ಹಾಗಾಗಿ ನಡುವಿನ ಇಪ್ಪತ್ತು ವರ್ಷಕ್ಕೆ 1892ರ ರಾಜ್ಯ ಗಣತಿ ಮತ್ತೆ ಈ ಫಾರಂಗಳೇ ಗತಿ.

ಒಬ್ಬ ಐರಿಷ್ ಹೆಂಗಸು ನನ್ನನ್ನ ಬಿಡ್ತಾನೇ ಇಲ್ಲ. ಫಾರಂನಲ್ಲಿ ಮನೆಗೆಲಸದವಳು, ಸಾಕೋ ಸಂಬಂಧಿಕರು ಯಾರೂ ಇಲ್ಲ, ಕೊನೇವರೆಗೂ ಇಲ್ಲೇ ಇರ್ತಾಳೆ ಅಂತ ಇದೆ. 1880ರಲ್ಲಿ ಅದೇ ಊರಲ್ಲಿ ಗಂಡ, ಐದು ಮಕ್ಕಳ ಜೊತೆ ಇದ್ದಳು, ವಯಸ್ಸು, ಹುಟ್ಟಿದ ದೇಶ ಎರಡೂ ತಾಳೆ ಆಗತ್ತೆ. 1900ರ ಗಣತಿಯಲ್ಲಿ ಹೆಂಗಸರಿಗೆ ಎಷ್ಟು ಹೆತ್ತೆ, ಎಷ್ಟು ಉಳಿದಿದಾವೆ ಅಂತ ಕೇಳಿದ್ರು. ಆ ಗಣತಿಯ ಪೂರ್‌ಹೌಸ್ ಪಟ್ಟಿಯಲ್ಲಿ ಅವಳ ಹೆಸರಿನ ಮುಂದೆ ಏಳು, ಎರಡು ಅಂತ ಇದೆ. ಎರಡು ಉಳಿದಿದ್ವಲ್ಲ, ಮತ್ಯಾಕೆ ಯಾರೂ ಇಲ್ಲ ಅಂದಳು? ದೂರ ಇದ್ರೋ, ಅವರಿಗೇ ತಿನ್ನೋಕೆ ಇರ್ಲಿಲ್ವೋ, ಇಲ್ಲ ಮಕ್ಕಳ ಹೆಸರು ಈ ರಿಜಿಸ್ಟರ್‌ಗೆ ಬರೋದು ಬೇಡ ಅಂತ ತಾಯಿ ಬಾಯಿ ಮುಚ್ಕೊಂಡಳೋ. ನನ್ನ ಶೀಟಲ್ಲಿ "ಯಾರೂ ಇಲ್ಲ" ಅನ್ನೋದರ ಪಕ್ಕದಲ್ಲಿ 7, 2 ಅಂತ ಹಾಕಿದೀನಿ. ಆ ಇಬ್ಬರನ್ನ ಮೂರೂ ಸ್ಪೆಲಿಂಗ್‌ನಲ್ಲಿ ಇನ್ನೂ ಹುಡುಕ್ತಾ ಇದೀನಿ.